ಪರೀಕ್ಷೆಗೆ ಕಳುಹಿಸಿದ ಅಪ್ಪ

ಹೆಡ್ ಮೇಡಂ ಆಗುವುದಕ್ಕೂ ಒಂದು ಡಿಗ್ರಿ ಇದೆ ಎಂದು ನನಗೆ ಗೊತ್ತಾದದ್ದು ನಾನು ನಿವೃತ್ತಿಯಾಗುವ ವರ್ಷದಲ್ಲಿ. ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ. ಯಾರ ಗಂಟಲು ದೊಡ್ಡದೋ, ಯಾರು ರಜೆ ಕಡಿಮೆ ಹಾಕುತ್ತಾರೋ ಅವರ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟು, "ನಾಳೆಯಿಂದ ನೀವೇ ನೋಡಿಕೊಳ್ಳಿ" ಎನ್ನುತ್ತಿದ್ದರು. ನನಗೆ ಎರಡೂ ಇದ್ದವು. ಹಾಗಾಗಿ ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತಿದ್ದೇನೆ, ಕೂತು ಕೂತು ಅದರ ಒಂದು ಕಾಲು ಸವೆದು ಕುಂಟಾಗಿದೆ.

ಈಗ ಕಾಲ ಬದಲಾಗಿದೆ. ಶಾಲಾ ಆಡಳಿತದಲ್ಲಿ ಸ್ನಾತಕೋತ್ತರ ಪದವಿಯಂತೆ, ಎರಡು ವರ್ಷವಂತೆ. ವಾರವಿಡೀ ತಮ್ಮ ತಮ್ಮ ಶಾಲೆಗಳಲ್ಲಿ ಪಾಠ ಮಾಡಿ ವಾರದ ಕೊನೆಗೆ ಕಾಲೇಜಿಗೆ ಹೋಗಿ ಓದುತ್ತಾರೆ. ಕೊನೆಯ ಆರು ತಿಂಗಳು ಬೇರೊಂದು ಶಾಲೆಯ ಮುಖ್ಯಸ್ಥರ ಕೈಕೆಳಗೆ ಕೆಲಸ ಕಲಿಯಬೇಕು. ಹಾಗೆ ನನ್ನ ಕೈಕೆಳಗೆ ಬಂದವಳು ಈ ಹುಡುಗಿ. ಹುಡುಗಿ ಎಂದರೆ ಹುಡುಗಿಯೇನಲ್ಲ, ಕಿವಿಯ ಪಕ್ಕ ಬೆಳ್ಳಿ ಕೂದಲು ಇಣುಕುತ್ತಿತ್ತು, ಮನೆಯಲ್ಲಿ ಹೈಸ್ಕೂಲು ಮುಟ್ಟಿದ ಮಗನಿದ್ದ. ಹನ್ನೆರಡು ವರ್ಷ ವಿಜ್ಞಾನ ಪಾಠ ಮಾಡಿದವಳು. ಆದರೂ ಮೊದಲ ದಿನ ಹೊಸ ಚೀಲ, ಹೊಸ ಪೆನ್ನು, ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಾಗ ಒಂದನೇ ಕ್ಲಾಸಿಗೆ ಸೇರಲು ಬಂದವಳಂತೆ ಕಂಡಳು. ಶಾಲೆಯಲ್ಲಿ ಎಲ್ಲರೂ ಅವಳನ್ನು 'ಟ್ರೈನಿಂಗ್ ಮೇಡಂ' ಎಂದು ಕರೆಯತೊಡಗಿದರು. ನಾನು ಮೇಡಂ ಕಿತ್ತುಹಾಕಿ ಬರೀ 'ಟ್ರೈನಿಂಗ್' ಎಂದೆ.

ಮೊದಮೊದಲು ಮೂಗು ಮುರಿದದ್ದು ನಿಜ. ಪಾಠ ಮಾಡಲು ಡಿಗ್ರಿ ಬೇಕು, ಒಪ್ಪುತ್ತೇನೆ. ಬೈಯುವುದಕ್ಕೂ ಬೈಸಿಕೊಳ್ಳುವುದಕ್ಕೂ ಡಿಗ್ರಿ ಯಾಕೆ? ಆದರೆ ಟ್ರೈನಿಂಗ್ ಕೆಲಸಕ್ಕೆ ಹೆದರುವವಳಲ್ಲ. ರಜೆ ಹಾಕಿದ ಟೀಚರ್ ಬದಲಿಗೆ ಯಾರನ್ನು ಕಳಿಸುವುದು, ನೀರಿನ ಟ್ಯಾಂಕು ಖಾಲಿಯಾದರೆ ಯಾರಿಗೆ ಫೋನು ಮಾಡುವುದು, ಎಲ್ಲವನ್ನೂ ಒಂದು ತಿಂಗಳಲ್ಲಿ ಅರೆದು ಕುಡಿದಳು. ನಾನು ಹೋದ ಮೇಲೆ ಈ ಕುರ್ಚಿ ಖಾಲಿಯಾಗುತ್ತದೆ, ನಾನು ಶಿಫಾರಸು ಮಾಡಿದರೆ ಅವಳಿಗೇ ಸಿಗಬಹುದು. ಇದು ಅವಳಿಗೂ ಗೊತ್ತಿತ್ತು. ಆಸೆಯನ್ನು ಅವಳು ಮುಚ್ಚಿಡಲಿಲ್ಲ, ಅದೂ ನನಗೆ ಹಿಡಿಸಿತು.

ಅವಳಿಗೆ ಇದ್ದದ್ದು ಒಂದೇ ಭಯ. ಅವರ ಪ್ರೊಫೆಸರಿಗೆ ಒಂದು ಖಯಾಲಿ. ಆರು ತಿಂಗಳಲ್ಲಿ ಯಾವುದೋ ಒಂದು ದಿನ, ಹೇಳದೆ ಕೇಳದೆ, ಪ್ರತಿ ವಿದ್ಯಾರ್ಥಿಯ ಹತ್ತಿರವೂ ಒಬ್ಬ ನಟನನ್ನು ಪೋಷಕನ ವೇಷದಲ್ಲಿ ಕಳಿಸುತ್ತಿದ್ದರು. ಆತ ಬಂದು ಕೂಗಾಡುತ್ತಾನೆ, ಅಳುತ್ತಾನೆ, ಮೇಜು ಗುದ್ದುತ್ತಾನೆ. ಇವರು ಹೇಗೆ ನಿಭಾಯಿಸುತ್ತಾರೆ ಎಂದು ನೋಡಿ ಅಂಕ ಕೊಡುತ್ತಾನೆ. ಅದರಲ್ಲಿ ಫೇಲಾದರೆ ಇಡೀ ಆರು ತಿಂಗಳು ಮತ್ತೆ ಮಾಡಬೇಕು. ನಮ್ಮ ಅಟೆಂಡರ್ ಅಣ್ಣ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿನಿಮಾದಲ್ಲಿ ಪೋಷಕ ನಟ ಅಂತಾರಲ್ಲ ಮೇಡಂ, ಅವನೇ ಇರಬೇಕು" ಎಂದ.

ಟ್ರೈನಿಂಗ್ ನಗಲಿಲ್ಲ. ಪ್ರೊಫೆಸರ್ ಕಲಿಸಿದ ಸೂತ್ರಗಳು ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತಿದ್ದವು. ಬಂದವರನ್ನು ಕೂರಿಸು. ನೀರು ಕೊಡು. ಅವರು ಮುಗಿಸುವ ತನಕ ಬಾಯಿ ತೆರೆಯಬೇಡ. ಅವರ ಮಾತನ್ನು ನೀನು ಪೂರ್ತಿ ಮಾಡಬೇಡ. ಮುಗಿದ ಮೇಲೆ ಅವರು ಹೇಳಿದ್ದನ್ನೇ ಅವರಿಗೆ ಒಪ್ಪಿಸಿ, ಸರಿಯೇ ಎಂದು ಕೇಳು. ನಾನು ಕೇಳಿ, "ಇದಕ್ಕೆ ಎರಡು ವರ್ಷ ಬೇಕಾ?" ಎಂದೆ. ಆಮೇಲೆ ಆ ದಿನ ಬಂದವರಲ್ಲಿ ಎಷ್ಟು ಜನರ ಮಾತನ್ನು ನಾನು ಮುಗಿಸಲು ಬಿಟ್ಟೆ ಎಂದು ಲೆಕ್ಕ ಹಾಕಿ ಸುಮ್ಮನಾದೆ.

ಅಂದಿನಿಂದ ನಮ್ಮ ಆಫೀಸಿಗೆ ಯಾರು ಬಂದರೂ ಅವಳಿಗೆ ಅನುಮಾನ. ಕರೆಂಟು ಮೀಟರ್ ಓದಲು ಬಂದವನಿಗೆ ಕುರ್ಚಿ ಹಾಕಿ ನೀರು ಕೊಟ್ಟಳು, ಅವನು ಕಕ್ಕಾಬಿಕ್ಕಿಯಾದ. ಮೊಮ್ಮಗಳ ಕಳೆದುಹೋದ ನೀರಿನ ಬಾಟಲಿ ಹುಡುಕಿಕೊಂಡು ಬಂದ ಅಜ್ಜಿಯ ಎದುರು ಕೂತು, "ಬಾಟಲಿ ಕಳೆದದ್ದರಿಂದ ನಿಮಗೆ ತುಂಬ ಬೇಜಾರಾಗಿದೆ, ಅಲ್ವಾ?" ಎಂದಳು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬೇಜಾರೇನಮ್ಮ, ಮುಚ್ಚಳ ನೀಲಿ" ಎಂದಿತು. ಸ್ಟಾಫ್ ರೂಮಿನಲ್ಲಿ ಒಂದು ವಾರ ಇದೇ ಮಾತು.

ಅವನು ಬಂದದ್ದು ಊಟದ ಬೆಲ್ಲು ಹೊಡೆದು ಮಕ್ಕಳೆಲ್ಲ ಹೊರಗೆ ಹೋಗಿದ್ದಾಗ. ನನ್ನ ಕೋಣೆಗೂ ಹೊರಗಿನ ಆಫೀಸಿಗೂ ನಡುವೆ ಇರುವುದು ಹಲಗೆಯ ಅಡ್ಡಗೋಡೆ. ಆ ಕಡೆ ಯಾರಾದರೂ ಕೆಮ್ಮಿದರೂ ಈ ಕಡೆ ಕೇಳುತ್ತದೆ. ನಾನು ಊಟದ ಡಬ್ಬಿ ತೆರೆದಿದ್ದೆ. ಒಬ್ಬ ಗಂಡಸಿನ ಧ್ವನಿ ಕೇಳಿತು, ಕೇಳಿ ಅರ್ಧಕ್ಕೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮಾತಿನಲ್ಲಿ ಉಗ್ಗು. ಸಣ್ಣ ಉಗ್ಗಲ್ಲ. ಒಂದೊಂದು ಅಕ್ಷರಕ್ಕೂ ಅವನು ಮೈಯೆಲ್ಲ ಬಿಗಿಹಿಡಿದು ಒದ್ದಾಡುತ್ತಿದ್ದದ್ದು ಹಲಗೆಯ ಈ ಕಡೆಗೂ ಗೊತ್ತಾಗುತ್ತಿತ್ತು.

"ನ... ನನ್ನ ಮಗಳು ಎಂಟನೇ ಕ್ಲಾಸು" ಎಂದ. ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು ಕೇಳಿಸಿದವು. ಆಮೇಲೆ ಟ್ರೈನಿಂಗ್ ತುಟಿ ಪಿಟಕ್ಕೆನ್ನಲಿಲ್ಲ.

ಅವನು ಹೇಳಿದ್ದನ್ನು ಅವನು ಹೇಳಿದಷ್ಟು ನಿಧಾನವಾಗಿ ಬರೆಯಲು ನನ್ನಿಂದಾಗದು. ಸಾರ ಇಷ್ಟು. ಭಾಷೆಯ ಪಾಠದಲ್ಲಿ ಮಕ್ಕಳು ಸಾಲಾಗಿ ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಓದುತ್ತಾರೆ. ಸರದಿ ಅವನ ಮಗಳ ಹತ್ತಿರ ಬಂದಾಗ ಟೀಚರ್ 'ಮುಂದಿನವರು' ಎನ್ನುತ್ತಾರೆ. ಅವಳಿಗೂ ಅಪ್ಪನ ಹಾಗೆಯೇ ಮಾತು ಸಿಕ್ಕಿಕೊಳ್ಳುತ್ತದೆ, ಅದಕ್ಕೆ.

"ಬೈಯೋದಿಲ್ಲ ಮೇಡಂ. ಪ್ರೀತಿಯಿಂದಾನೇ ಮುಂದಿನವರು ಅಂತಾರೆ. ಎರಡು ವರ್ಷದಿಂದ ಹಾಗೇ. ಆದ್ರೆ ಅವಳು ದಿನಾ ಮನೇಲಿ ಪಾಠ ಓದ್ಕೊಂಡು ಹೋಗ್ತಾಳೆ. ದಿನಾ. ಇವತ್ತು ಸಿ... ಸಿಗಬಹುದು ಅಂತ. ಮೊನ್ನೆಯಿಂದ ಓದೋದು ಬಿಟ್ಟಿದಾಳೆ. ನನ್ನ ಹಾಗೇ ಅಂಗಡಿಯಲ್ಲಿ ಕೂತ್ಕೋತೀನಿ ಅಂತಾಳೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಅಳುತ್ತಿದ್ದ. ಟ್ರೈನಿಂಗ್ ಸುಮ್ಮನೆ ಕೂತಿದ್ದಳು. ನಾನಾಗಿದ್ದರೆ ಅಷ್ಟರಲ್ಲಿ ಅವನ ಹತ್ತು ಮಾತನ್ನು ನಾನೇ ಆಡಿ ಮುಗಿಸಿ, ಭಾಷೆಯ ಟೀಚರನ್ನು ಕರೆಸಿ, ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿರುತ್ತಿದ್ದೆ. ಅವಳು ಕಾದಳು. ಅವನು ಒಂದು ಪದಕ್ಕೆ ಸಿಕ್ಕಿಕೊಂಡು ಎಷ್ಟೋ ಹೊತ್ತು ಹೆಣಗಾಡಿದಾಗಲೂ ಕಾದಳು. ಪೂರ್ತಿ ಮುಗಿದ ಮೇಲೆ ಅವನು ಹೇಳಿದ್ದನ್ನು ಒಂದೂ ಬಿಡದೆ ಅವನಿಗೇ ಹೇಳಿ, "ಸರಿ ಹೇಳಿದ್ನಾ?" ಎಂದಳು.

"ಸರಿ" ಎಂದ ಅವನು. ಆ ಒಂದು ಪದ ತಡೆಯಿಲ್ಲದೆ ಬಂತು.

ಆಗ ನನಗೆ ಹೊಳೆಯಿತು. ನಮ್ಮ ಎಂಟನೇ ಕ್ಲಾಸಿನಲ್ಲಿ ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಮಾತಾಡದ ಹುಡುಗಿಯೊಬ್ಬಳಿದ್ದಾಳೆ. ಸಭೆಗಳಿಗೆಲ್ಲ ಬರುವವಳು ಅವಳ ಅಮ್ಮ. ಇದು ಪ್ರೊಫೆಸರಿಗೆ ಹೇಗೆ ಗೊತ್ತಾಗಬೇಕು? ಇವನು ನಟನಲ್ಲ, ಅವಳ ಅಪ್ಪನೇ. ನಾನು ಕೈ ಕೂಡ ತೊಳೆಯದೆ ಎದ್ದೆ. ನನ್ನ ಮಂಡಿಗಳು ಈಗ ಹೇಳಿದ ಮಾತು ಕೇಳುವುದಿಲ್ಲ. ಬಾಗಿಲಿಗೆ ಬರುವಷ್ಟರಲ್ಲಿ ಟ್ರೈನಿಂಗ್ ಮುಖ ಅರಳಿಸಿಕೊಂಡು ಎದ್ದು ನಿಂತಿದ್ದಳು. ಪರೀಕ್ಷೆ ಪಾಸಾದ ಮಗುವಿನ ಮುಖ.

"ತುಂಬ ಚೆನ್ನಾಗಿ ಮಾಡಿದ್ರಿ ಸರ್! ನನಗೇ ಅಳು ಬಂದುಬಿಡ್ತು. ಅದರಲ್ಲೂ ಆ ಉಗ್ಗು ಇದೆಯಲ್ಲ, ಒಂಚೂರೂ ನಟನೆ ಅನಿಸಲಿಲ್ಲ. ಎಷ್ಟು ದಿನ ಅಭ್ಯಾಸ ಮಾಡಿದ್ರಿ? ಯಾವ ನಾಟಕದ ತಂಡ ನಿಮ್ದು?"

ಅವನು ಅವಳನ್ನು ನೋಡಿದ. ಏನೋ ಹೇಳಲು ಹೋದ, ಮೊದಲ ಅಕ್ಷರವೇ ಹೊರಡಲಿಲ್ಲ. ತುಟಿ ಅದುರಿತು, ಕತ್ತಿನ ನರ ಎದ್ದಿತು. ಈ ಸಲ ಅವನೇ ಆ ಮಾತನ್ನು ಕೈಬಿಟ್ಟ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ. ನಾನು ಅವನ ಹಿಂದೆ ಗೇಟಿನ ತನಕ ಹೋದೆ. ಕರೆದೆ. ತಿರುಗಿ ನೋಡಲಿಲ್ಲ.

ವಾಪಸು ಬಂದಾಗ ಟ್ರೈನಿಂಗ್ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. "ಮೇಡಂ, ನಿಜವಾದವರಾ?" ಎಂದಳು. ನಾನು ಹೂಂ ಎಂದೆ. ಅವಳು ನೆಲದ ಮೇಲೇ ಕೂತುಬಿಟ್ಟಳು. ನನಗೂ ಪಕ್ಕದಲ್ಲೇ ಕೂರಬೇಕೆನಿಸಿತು, ಆದರೆ ಇಬ್ಬರೂ ನೆಲದ ಮೇಲೆ ಕೂತರೆ ಶಾಲೆ ನಡೆಸುವವರು ಯಾರು?

ಮಾರನೇ ದಿನ ಎರಡನೇ ಬೆಂಚಿನ ಕಿಟಕಿ ಪಕ್ಕ ಖಾಲಿ. ಅದರ ಮಾರನೇ ದಿನವೂ ಖಾಲಿ. ಮೂರನೇ ದಿನ ಹುಡುಗಿಯ ಅಮ್ಮ ಫೋನು ಮಾಡಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಅವಳಿಗೆ, ಹಿಂದೆ ಯಂತ್ರಗಳ ಗಿರಗಿರ ಕೇಳುತ್ತಿತ್ತು. "ಅವರು ಏನಾಯ್ತು ಅಂತ ಹೇಳ್ತಾನೇ ಇಲ್ಲ ಮೇಡಂ. ಟಿಸಿ ಕೊಡಿ ಅಂತ ಮಾತ್ರ ಹೇಳು ಅಂದ್ರು. ಬೇರೆ ಶಾಲೆಗೂ ಬೇಡವಂತೆ. ಅಂಗಡಿ ಸಾಕಂತೆ." ಹದಿಮೂರು ವರ್ಷದ ಹುಡುಗಿ. ಟಿಸಿ ಬರೆದುಕೊಟ್ಟರೆ ಅವಳ ಓದು ಅಲ್ಲಿಗೆ ಮುಗಿಯಿತು.

ಭಾಷೆಯ ಟೀಚರನ್ನು ಕರೆದು ಕೇಳಿದೆ. ಒಳ್ಳೆಯ ಹೆಂಗಸು, ಕಣ್ಣಲ್ಲಿ ನೀರು ತಂದುಕೊಂಡಳು. "ಮಕ್ಕಳು ನಗ್ತಾರೆ ಮೇಡಂ. ಅವಳಿಗೆ ನೋವಾಗಬಾರದು ಅಂತ ನಾನೇ ದಾಟಿಸ್ತಿದ್ದೆ." ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಟ್ರೈನಿಂಗ್ ಆ ಹೊತ್ತಿಗೆ ತನ್ನ ತೀರ್ಮಾನ ಮಾಡಿಕೊಂಡಿದ್ದಳು. "ನಾನು ಕೋರ್ಸ್ ಬಿಡ್ತೀನಿ ಮೇಡಂ. ನನಗೆ ಈ ಯೋಗ್ಯತೆ ಇಲ್ಲ. ನಿಜವಾದ ಕಣ್ಣೀರು ಯಾವುದು, ಸುಳ್ಳು ಯಾವುದು ಅಂತ ಗೊತ್ತಾಗದವಳು ಶಾಲೆ ನಡೆಸೋದುಂಟಾ?"

ನನಗೆ ಸಿಟ್ಟು ನೆತ್ತಿಗೇರಿತು. "ಬಿಡಮ್ಮ, ಬಿಡು. ಬಿಟ್ಟು ಮನೆಗೆ ಹೋಗಿ ಮುಸುಕು ಹಾಕ್ಕೊಂಡು ಮಲಗು. ಆ ಹುಡುಗಿ ಅಂಗಡಿಯಲ್ಲಿ ಕೂತ್ಕೊಳ್ಲಿ, ನೀನು ಮನೇಲಿ ಕೂತ್ಕೋ. ಆದ್ರೆ ಮೊದಲು ನನ್ನ ಜೊತೆ ಬಾ, ಆಮೇಲೆ ಏನು ಬೇಕಾದರೂ ಬಿಡು" ಎಂದೆ. ಅವಳು ಬಂದಳು.

ಅವನದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ಟೈರು ಅಂಗಡಿಗಳ ಬೀದಿಯ ಕೊನೆಗೆ, ಶಟರಿನ ಅರ್ಧಕ್ಕೆ ಬಿಸಿಲು ತಡೆಯಲು ಹಳೆಯ ರೆಕ್ಸಿನ್ ಇಳಿಬಿಟ್ಟಿದ್ದ. ಒಳಗೆ ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಫೋಮ್ ಹಾಳೆಗಳು, ಗಾಡಿಯಿಂದ ಕಿತ್ತು ತಂದ ಸೀಟುಗಳು. ಅವನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ. ಹುಡುಗಿ ಕೆಳಗೆ ಚಾಪೆಯ ಮೇಲೆ ಕೂತು ಹರಿದ ಸೀಟಿನ ಹಳೆಯ ದಾರವನ್ನು ಬ್ಲೇಡಿನಿಂದ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ಅಪ್ಪ ಏಳಲಿಲ್ಲ. ಮಿಷನ್ ಜೋರಾಗಿ ತುಳಿದ.

ಕುರ್ಚಿ ಇರಲಿಲ್ಲ. ನಾನು ಒಂದು ಕಾರಿನ ಮುಂದಿನ ಸೀಟಿನ ಮೇಲೆ ಕೂತೆ, ಟ್ರೈನಿಂಗ್ ಹಿಂದಿನ ಸೀಟಿನ ಮೇಲೆ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಮಿಷನ್ ನಿಲ್ಲುವವರೆಗೂ ಇಬ್ಬರೂ ಕಾದೆವು. ಅವನು ಒಂದು ಸೀಟು ಪೂರ್ತಿ ಹೊಲಿದು ಮುಗಿಸಿದ.

"ನಾನು ನಿಮ್ಮನ್ನ ನಟ ಅಂದುಕೊಂಡೆ" ಎಂದಳು ಟ್ರೈನಿಂಗ್. "ನಮ್ಮ ಕಾಲೇಜಿಂದ ಪರೀಕ್ಷೆಗೆ ಒಬ್ಬರನ್ನ ಕಳಿಸ್ತಾರೆ. ನೀವು ಅವರೇ ಅಂದುಕೊಂಡೆ. ನೀವು ಅಳ್ತಿದ್ದಾಗ ನಾನು ನನ್ನ ಅಂಕ ಲೆಕ್ಕ ಹಾಕ್ತಿದ್ದೆ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರೋದಿಲ್ಲ. ತಪ್ಪಾಯ್ತು."

ಅವನು ದಾರ ಕತ್ತರಿಸಿದ. ಆಮೇಲೆ ಬಾಯಿ ತೆರೆದ. ಅವನ ಮಾತು ಎಲ್ಲೆಲ್ಲಿ ಸಿಕ್ಕಿಕೊಂಡಿತು ಎಂದು ನಾನು ಬರೆಯುವುದಿಲ್ಲ, ಓದುವವರು ತಾವೇ ನಿಧಾನವಾಗಿ ಓದಿಕೊಳ್ಳಲಿ.

"ಇಲ್ಲಿ ಗಿರಾಕಿ ಬಂದ್ರೆ ನನ್ನ ಮಾತು ಅವರೇ ಮುಗಿಸ್ತಾರೆ. ನಾನು ಕೆಂಪು ಅನ್ನೋಕೆ ಹೋಗ್ತೀನಿ, ಕಪ್ಪಾ ಅಂತಾರೆ. ಹೂಂ ಅಂದುಬಿಡ್ತೀನಿ. ಈ ಊರಲ್ಲಿ ಎಷ್ಟು ಸೀಟು ಸುಮ್ನೆ ಕಪ್ಪಾಗಿ ಹೋಗಿವೆಯೋ. ಅವತ್ತು ನೀವು ನಾನು ಮುಗಿಸೋ ತನಕ ಕೂತಿದ್ರಿ. ನನ್ನ ಮದುವೆಯಲ್ಲೂ ನಾನು ಅಷ್ಟು ಮಾತಾಡಿರಲಿಲ್ಲ. ಮನೆಗೆ ಹೋಗಿ ಇವಳಿಗೆ ಹೇಳ್ಬೇಕು ಅಂದುಕೊಂಡೆ, ನೋಡು ಮಗಳೇ, ನಮ್ಮ ಮಾತು ಕೇಳೋರೂ ಇದಾರೆ ಅಂತ. ಆಮೇಲೆ ನೀವು ತಂಡ ಯಾವುದು ಅಂದ್ರಿ. ಆಗ ಗೊತ್ತಾಯ್ತು, ನೀವು ಕೇಳಿಸ್ಕೊಂಡಿದ್ದು ನನ್ನನ್ನಲ್ಲ."

ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಟ್ರೈನಿಂಗ್ ಕಣ್ಣು ಒರೆಸಿಕೊಳ್ಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ನಾನು ಈ ಕೋರ್ಸ್ ಬಿಡ್ತಿದೀನಿ. ನಿಮ್ಮ ಮಗಳನ್ನ ಮಾತ್ರ ಕಳಿಸಿ" ಎಂದಳು.

"ನೀವು ಬಿಟ್ರೆ ನನ್ನ ಮಗಳಿಗೇನು ಸಿಗುತ್ತೆ?" ಎಂದ ಅವನು, ಮೊದಲ ಸಲ ಧ್ವನಿ ಏರಿಸಿ. "ನೀವು ನನ್ನನ್ನ ಕೇಳಲಿಲ್ಲ, ನಿಜ. ಆದ್ರೆ ಕೇಳೋದು ಹೇಗೆ ಅಂತ ನಿಮಗೆ ಬರುತ್ತೆ. ಬೇರೆ ಯಾರಿಗೂ ಅದೂ ಬರೋದಿಲ್ಲ." ಹೀಗೆಂದು ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಹಾಗೇ ನುಂಗಿಕೊಂಡೆ. ಆಮೇಲೆ ಕೇಳಿದ, "ಆ ಕಾಲೇಜಲ್ಲಿ ನಿಮ್ಮ ಥರ ಎಷ್ಟು ಜನ?"

"ಮೂವತ್ತರ ಮೇಲಿದೀವಿ."

"ಎಲ್ಲರೂ ಮುಂದೆ ಹೆಡ್ ಆಗ್ತಾರಾ?"

"ಆಗಬೇಕು ಅಂತಾನೇ ಬಂದಿರೋದು."

ಅವನು ಮಗಳ ಕಡೆ ನೋಡಿದ, ಅವಳ ಕೈಯ ಬ್ಲೇಡಿನ ಕಡೆ ನೋಡಿದ. "ಹಾಗಾದ್ರೆ ನಾಟಕದವರು ಯಾಕೆ? ನನ್ನನ್ನ ಕರೀರಿ. ನಾನು ಬಂದು ಮಾತಾಡ್ತೀನಿ, ಅವರು ಕೇಳ್ಲಿ. ಇವಳನ್ನೂ ಕರ್ಕೊಂಡು ಬರ್ತೀನಿ. ಕೇಳ್ತಾರೋ ಇಲ್ವೋ ಇವಳೇ ನೋಡ್ಲಿ. ಆಮೇಲೆ ಟಿಸಿ ಬೇಕೋ ಬೇಡವೋ ಹೇಳ್ತೀನಿ."

ಅಂಗಡಿಯಿಂದ ಹೊರಟೆವು. ನನಗೆ ಗೊತ್ತಿತ್ತು ಟ್ರೈನಿಂಗ್ ಸಂಕಟ. ಅವನನ್ನು ಕರೆಯಬೇಕಾದರೆ ಯಾಕೆ ಎಂದು ಪ್ರೊಫೆಸರಿಗೂ ಇಡೀ ಕ್ಲಾಸಿಗೂ ಹೇಳಬೇಕು. ಹೇಳಿದರೆ ಎಲ್ಲರ ಮುಂದೆ ಮಾನ ಹೋಗುತ್ತದೆ, ಆರು ತಿಂಗಳೂ ಹೋಗಬಹುದು, ಕುರ್ಚಿಯೂ ಹೋಗಬಹುದು. ಸುಮ್ಮನೆ ಬಿಟ್ಟುಬಿಡುವುದು ಇದಕ್ಕಿಂತ ಎಷ್ಟೋ ಸಲೀಸು. ಬಸ್ ಸ್ಟಾಪಿನಲ್ಲಿ ನಿಂತು, "ನೀವೂ ಬರ್ತೀರಾ ಮೇಡಂ?" ಎಂದಳು. "ಬರದೆ? ಇಷ್ಟು ವರ್ಷ ಡಿಗ್ರಿ ಇಲ್ಲದೆ ನಡೆಸಿದ್ದೀನಿ, ಒಂದು ಕ್ಲಾಸಿಗಾದ್ರೂ ಹೋಗ್ತೀನಿ" ಎಂದೆ. ಮನಸ್ಸಿನಲ್ಲಿ ಹೆಮ್ಮೆಯಾಯಿತು, ಹೇಳಲಿಲ್ಲ. ಹೇಳಿದರೆ ತಲೆಗೇರುತ್ತದೆ.

ಪ್ರೊಫೆಸರ್ ನಾನು ಅಂದುಕೊಂಡಂತೆ ಕನ್ನಡಕದ ಮೇಲಿಂದ ನೋಡುವ ಮನುಷ್ಯನಲ್ಲ, ಸದಾ ಏನನ್ನೋ ಕಳೆದುಕೊಂಡು ಜೇಬು ತಡಕಾಡುವ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರ ಮುಖ ಬಿಳಿಚಿಕೊಂಡಿತು. ಅವಳಿಗೆಂದು ಗೊತ್ತುಮಾಡಿದ್ದ ನಟನಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡು, ಅವನು ಮನೆ ಬಿಟ್ಟು ಹೊರಗೇ ಬಂದಿರಲಿಲ್ಲವಂತೆ. "ತಪ್ಪು ನಿಮ್ಮೊಬ್ಬರದೇ ಅಲ್ಲಮ್ಮ. ಎಲ್ಲರನ್ನೂ ಅನುಮಾನದಿಂದ ನೋಡೋ ಹಾಗೆ ಮಾಡಿದ್ದು ನಾನು" ಎಂದರು. ಅಂಕದ ವಿಷಯ ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ಕಾಲೇಜಿನ ಮೇಲಿನ ಮಹಡಿಯ ಉದ್ದನೆಯ ಕೋಣೆ. ಬೆಂಚುಗಳನ್ನು ಮೂರು ಕಡೆ ಗೋಡೆಗೆ ಸರಿಸಿ ನಡುವೆ ಜಾಗ ಬಿಟ್ಟಿದ್ದರು. ಮೂವತ್ತು ಚಿಲ್ಲರೆ ಜನ, ಎಲ್ಲರೂ ಟೀಚರುಗಳು, ಎಲ್ಲರೂ ನಾಳಿನ ಹೆಡ್ಡುಗಳು. ಟ್ರೈನಿಂಗ್ ಮೊದಲು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಯಾರೂ ನಗಲಿಲ್ಲ. ಪ್ರತಿಯೊಬ್ಬರೂ ಅದು ತಾನೂ ಆಗಬಹುದಿತ್ತು ಎಂದು ಬೆವರುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆಮೇಲೆ ಅವನು ಎದ್ದ. ಒಗೆದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಅಂಟಿನ ಕಪ್ಪು. ಪಕ್ಕದಲ್ಲಿ ಮಗಳು. ಎರಡನೇ ವಾಕ್ಯಕ್ಕೇ ಸಿಕ್ಕಿಕೊಂಡ. "ನಾನು ಸ್ಕೂಲಲ್ಲಿ ಇದ್ದಾಗ ಹಾ... ಹಾ..."

ಮುಂದಿನ ಸಾಲಿನ ದಪ್ಪ ಮೀಸೆಯವರು, ಯಾವುದೋ ದೊಡ್ಡ ಶಾಲೆಯಲ್ಲಿ ಉಪಮುಖ್ಯಸ್ಥರಂತೆ, ತಡೆಯಲಾರದೆ, "ಹಾಸ್ಟೆಲ್?" ಎಂದರು.

"ಅಲ್ಲ" ಎಂದ ಅವನು. ಮತ್ತೆ ಶುರುಮಾಡಿದ. "ಹಾ..."

"ಹಾಡು?"

"ಅದೂ ಅಲ್ಲ. ನೀವು ಹೆಡ್ ಆದ ಮೇಲೆ ನಿಮ್ಮ ಶಾಲೆಗೆ ನಾನು ಬರೋದಿಲ್ಲ ಬಿಡಿ" ಎಂದ. ಇಡೀ ಕೋಣೆ ಗೊಳ್ಳೆಂದಿತು. ಮೀಸೆಯವರೂ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಆಮೇಲೆ ಕೊನೆಯವರೆಗೂ ಆ ಕೈ ತೆಗೆಯಲಿಲ್ಲ.

"ಹಾಜರಿ" ಎಂದ ಅವನು, ಆ ಪದ ತಾನಾಗಿ ಬಂದಾಗ. ಹಾಜರಿ ಕರೆಯುವಾಗ ಇವನು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಮುಂದಿನ ಹೆಸರಿಗೆ ಹೋಗಿರುತ್ತಿದ್ದರಂತೆ. ಕ್ಲಾಸಿನಲ್ಲಿ ಕೂತಿದ್ದೂ ಗೈರುಹಾಜರಿ. ಕೊನೆಗೆ ಒಂದು ದಿನ, ಹೇಗೂ ಇಲ್ಲ ಅಂತಾನೇ ಬರೀತಾರೆ, ಹೋಗೋದಾದ್ರೂ ಯಾಕೆ ಎಂದು ನಿಲ್ಲಿಸಿಬಿಟ್ಟನಂತೆ. ಅಂಗಡಿಯ ಮಾತು ಹೇಳಿದ, ಕಪ್ಪು ಸೀಟುಗಳ ಮಾತು ಹೇಳಿದ, ಮಗಳ ಮಾತು ಹೇಳಿದ. ಮೂವತ್ತು ಜನ ಉಸಿರು ಬಿಗಿಹಿಡಿದು ಕೇಳಿದರು. ಯಾರೂ ಬರೆದುಕೊಳ್ಳಲಿಲ್ಲ. ಅವನು ಮುಗಿಸಿ ನೀರು ಕುಡಿದ. ಅವನ ಮುಖದಲ್ಲಿ ಒಂದು ಕಳೆ ಬಂದಿತ್ತು.

ಟ್ರೈನಿಂಗ್ ಎದ್ದು ಹೋಗಿ ಹುಡುಗಿಯ ಎದುರಿನ ಕುರ್ಚಿಯಲ್ಲಿ ಕೂತಳು. "ಪುಟ್ಟಿ, ಅಪ್ಪ ಹೇಳಿದ್ದೆಲ್ಲ ಕೇಳಿದ್ವಿ. ನಿನ್ನನ್ನ ಯಾರೂ ಕೇಳೇ ಇಲ್ಲ. ನಿನಗೇನು ಬೇಕು?"

ಹುಡುಗಿ ಎದ್ದು ನಿಂತಳು. ಬಾಯಿ ತೆರೆದಳು, ತುಟಿಗಳು ಒಂದಕ್ಕೊಂದು ಒತ್ತಿಕೊಂಡವು, ಧ್ವನಿ ಹೊರಡಲಿಲ್ಲ. ಕತ್ತು ಕೆಂಪಾಯಿತು. ಅಷ್ಟೂ ಜನ ಅವಳ ಅಪ್ಪನನ್ನು ಕೇಳಿ ಪಳಗಿದ್ದವರು, ಆದರೂ ಮಗುವಿನ ಒದ್ದಾಟ ನೋಡಲು ಎದೆಗುಂಡಿಗೆ ಬೇಕು. ನಾನಂತೂ ನೆಲದ ಟೈಲ್ಸಿನ ಒಂದು ಬಿರುಕನ್ನು ನೋಡುತ್ತ ಕೂತೆ. ಹೇಳಿಬಿಡು ತಾಯಿ, ಹೇಗಾದರೂ ಹೇಳಿಬಿಡು.

ಪಕ್ಕದಲ್ಲಿದ್ದ ಅಪ್ಪನಿಗೆ ತಡೆದುಕೊಳ್ಳಲು ಆಗಲಿಲ್ಲ. "ಅವಳು ಹೇಳೋದು ಏನಂದ್ರೆ, ಸ್ಕೂಲಿಗೆ ಬ... ಬರ್ತೀನಿ, ಆದ್ರೆ..."

ಹುಡುಗಿ ಅವನ ತೋಳಿನ ಮೇಲೆ ಕೈ ಇಟ್ಟಳು.

"ಅಪ್ಪ" ಎಂದಳು. "ನ... ನ... ನನ್ನ ಸರದಿ."

ಅವನು ಬಾಯಿ ತೆರೆದವನು ಹಾಗೇ ನಿಂತ. ತಾನೂ ಅದನ್ನೇ ಮಾಡಿದ್ದು ಅವನಿಗೆ ಆಗ ಹೊಳೆಯಿತು. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದ.

ಹುಡುಗಿ ಮತ್ತೆ ಶುರುಮಾಡಿದಳು. "ನಾಳೆ ಬರ್ತೀನಿ" ಎಂದಳು. ಅದನ್ನು ಹೇಳಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತೋ ನನಗೆ ಗೊತ್ತಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. "ಬಂದು ಓ... ಓದ್ತೀನಿ. ತುಂಬಾ ಹೊತ್ತು ಆಗುತ್ತೆ. ನಗೋರು ನಗ್ಲಿ. ಆದ್ರೆ ನಾನು ನಿಂತಾಗ ಯಾರೂ ನೆಲ ನೋ... ನೋಡಬಾರದು."

ನಾನು ಥಟ್ಟನೆ ತಲೆ ಎತ್ತಿದೆ. ಸುತ್ತ ನೋಡಿದರೆ ಆ ಕೋಣೆಯಲ್ಲಿ ಒಂದೊಂದಾಗಿ ಎಲ್ಲ ತಲೆಗಳೂ ಮೇಲೇಳುತ್ತಿದ್ದವು. ಪ್ರೊಫೆಸರರದು, ಮೀಸೆಯವರದು, ಎಲ್ಲರದೂ. ಎಲ್ಲರಿಗಿಂತ ಕೊನೆಗೆ ತಲೆ ಎತ್ತಿ ಮಗಳ ಮುಖ ನೋಡಿದವನು ಅವಳ ಅಪ್ಪ. ಹುಡುಗಿ, ಮೊದಲಿನಿಂದಲೂ ತನ್ನನ್ನೇ ನೋಡುತ್ತಿದ್ದ ಟ್ರೈನಿಂಗ್ ಕಡೆಗೆ ತಿರುಗಿ ಮತ್ತೆ ಬಾಯಿ ತೆರೆದಳು. ಅವಳಿಗೆ ಹೇಳುವುದು ಇನ್ನೂ ಇತ್ತು. ನಾವು ಕಾದೆವು.